ಹೀಮೋಗ್ಲೋಬಿನ್ನಿನ ನಾಲ್ಕು ಘಟಕಗಳು

ಪ್ರೋಟೀನುಗಳು ನಿಯತವಾದ ಅಣುಗಳೇ, ಅನಿಯತವಾದ ಕಲಿಲ ರಾಶಿಗಳೇ ಎಂಬುದು 1920ರ ದಶಕದಲ್ಲಿ ವಿವಾದಾಸ್ಪದವಾಗಿತ್ತು. ರಕ್ತದ ಹೀಮೋಗ್ಲೋಬಿನ್ನಿನಲ್ಲಿರುವ ಕಬ್ಬಿಣದ ಪ್ರಮಾಣದಿಂದ ಗಣಿಸಿದರೆ ಅದರ ಕನಿಷ್ಠ ಅಣುತೂಕ ಸುಮಾರು 16,700. ಕೇಂಬ್ರಿಜ್ಜಿನ ಅಡೇರ್ ಅವರು ದ್ರಾವಣದ ಅಭಿಸರಣ ಒತ್ತಡವನ್ನು ಅಳೆದು, ನಿಜವಾದ ತೂಕ ಇದರ ನಾಲ್ಕರಷ್ಟೆಂದು 1925ರಲ್ಲಿ ತೋರಿಸಿದರು. ಮರುವರ್ಷ ಉಪ್ಸಾಲದ ಸ್ವೆಡ್‌ಬರ್ಗ್ ಅವರ ಕೇಂದ್ರಾಪಗಾಮಿ ಯಂತ್ರವೂ ಇದನ್ನೇ ಸಮರ್ಥಿಸಿತು. 1960ರಲ್ಲಿ ಪೆರುಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಕ್ಷ-ಕಿರಣ ಚಿತ್ರದಲ್ಲಿ ನಾಲ್ಕು ಸರಪಣಿಗಳೇ ಗೋಚರಿಸಿದವು: ಎರಡು ಆಲ್ಫಾ, ಎರಡು ಬೀಟಾ.

ಇವುಗಳನ್ನು ಒಟ್ಟಾಗಿ ಹಿಡಿದಿರುವ ಶಕ್ತಿ ಯಾವುದು? ಸರಪಣಿ ಸರಪಣಿಗಳ ನಡುವೆ ಸಹವೇಲೆನ್ಸೀ ಬಂಧವಿಲ್ಲ. ಜಲವಿಮುಖ ಭಾಗಗಳು ನೀರಿನಿಂದ ಮರೆಯಾಗಿ ಒಂದನ್ನೊಂದು ಸೇರುವ ಪ್ರವೃತ್ತಿಯ ಮಹತ್ತ್ವವನ್ನು ಕಾಜ್‌ಮನ್ ಅವರು 1959ರಲ್ಲಿ ವಿಶದಪಡಿಸಿದರು. ಹೈಡ್ರೊಜನ್ ಬಂಧಗಳೂ ವಿದ್ಯುದಾವೇಶಗಳ ಆಕರ್ಷಣೆಯೂ ಇದಕ್ಕೆ ನೆರವಾಗುತ್ತವೆ.

ಆದರೆ ಎಲ್ಲ ಸಂಧಿಗಳೂ ಸಮಾನವಾಗಿ ದೃಢವಲ್ಲ. ಆಮ್ಲಜನಕ ತುಂಬಿದ ಹೀಮೋಗ್ಲೋಬಿನ್ನಿನ ದ್ರಾವಣವನ್ನು ಬಹಳವಾಗಿ ತೆಳುಗೊಳಿಸಿದರೆ ಅಣುವು ಎರಡು ಯುಗ್ಮಗಳಾಗಿ ಒಡೆಯುತ್ತದೆ; ಒಂದೊಂದರಲ್ಲಿಯೂ ಒಂದು ಆಲ್ಫಾ, ಒಂದು ಬೀಟಾ. ಈ ಯುಗ್ಮವಾದರೋ ಸುಲಭವಾಗಿ ಬೇರ್ಪಡದು. ಆಮ್ಲಜನಕವನ್ನು ಪಡೆಯುವಾಗಲೂ ಬಿಡುವಾಗಲೂ ಸರಿದಾಡುವುದು ಯುಗ್ಮಗಳ ನಡುವಣ ಸಡಿಲವಾದ ಸಂಧಿಯೇ. ದೌರ್ಬಲ್ಯವೆಂದು ತೋರುವ ಈ ಸಡಿಲತೆಯೇ ಪ್ರಾಣಧಾರಣೆಗೆ ಆಧಾರವಾಗಿದೆ.