ಅಕ್ಕಿಆಲೂರಿನ ಬಂಗಾರದಲ್ಲಿ ರೋಮಿನ ದೊರೆಗಳು

ಕೋಟುಮಚಗಿಯ ಎರೆಹೊಲದಲ್ಲಿ ನೇಗಿಲಿಗೆ ಬಂಗಾರದ ನಾಣ್ಯವೊಂದು ಸಿಕ್ಕಿತೆನ್ನಿ. ಗದಗ ಸೀಮೆಯವರಿಗೆ ಮೊದಲು ನೆನಪಾಗುವುದು ಲಕ್ಕುಂಡಿಯ ಟಂಕಸಾಲೆ. ಅಲ್ಲಿನ ಲೊಕ್ಕಿ ಗದ್ಯಾಣ ಶಾಸನಗಳಲ್ಲೇ ಹೆಸರಾದದ್ದು. ಆದರೆ ಹಿಂದಿನ ಅವಿಭಜಿತ ಧಾರವಾಡ ಜಿಲ್ಲೆಯ ನೆಲ ಅದಕ್ಕಿಂತ ಹಳೆಯ, ಕಡಲಾಚೆಯ ಬಂಗಾರವನ್ನೂ ಕೊಟ್ಟಿದೆ. ಈಗ ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನ ನಿಧಿಯಲ್ಲಿ ಇಂಥ ನಲವತ್ತಕ್ಕೂ ಹೆಚ್ಚು ನಾಣ್ಯಗಳಿದ್ದವು. ಎರಡನೇ ಥಿಯೊಡೋಸಿಯಸ್ (408–450), ಒಂದನೇ ಜಸ್ಟಿನ್ (518–527) ಮೊದಲಾದ ಪೂರ್ವ ರೋಮಿನ ಚಕ್ರವರ್ತಿಗಳ ಮುದ್ರೆ ಅವುಗಳ ಮೇಲಿದೆ. ಜಸ್ಟಿನ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಳುತ್ತಿದ್ದಾಗ ಇತ್ತ ಬನವಾಸಿಯಲ್ಲಿ ಕದಂಬರ ಕೊನೆಯ ದಿನಗಳು.

ಇದು ರೋಮಿನದೆಂದು ತಿಳಿಯುವುದು ಹೇಗೆ? ಗದ್ಯಾಣದಲ್ಲಿ ಪದ್ಮ, ಸಿಂಹ ಮುಂತಾದ ಚಿಕ್ಕ ಮುದ್ರೆಗಳನ್ನು ಬಿಡಿಬಿಡಿಯಾಗಿ ಒತ್ತಿರುತ್ತಾರೆ. ರೋಮಿನದು ಎರಡು ಅಚ್ಚುಗಳ ನಡುವೆ ಒಂದೇ ಪೆಟ್ಟಿಗೆ ಮೂಡಿದ್ದು. ನಡುವೆ ದೊರೆಯ ಮುಖ, ಅಂಚಿನುದ್ದಕ್ಕೂ ಲ್ಯಾಟಿನ್ ಅಕ್ಷರ. ಪಕ್ಕಕ್ಕೆ ತಿರುಗಿದ ಮುಖವಿದ್ದರೆ ಬಹುಪಾಲು ಮೊದಲ ಶತಮಾನಗಳ 'ಆರಿಯಸ್'. ಆಗಸ್ಟಸ್‌ನ ಕಾಲದಲ್ಲಿ ಅದರ ತೂಕ ಸುಮಾರು 7.8 ಗ್ರಾಂ, ನೀರೋ ಅದನ್ನು ಇಳಿಸಿದ. ಶಿರಸ್ತ್ರಾಣ ತೊಟ್ಟು ನಮ್ಮತ್ತಲೇ ನೋಡುವ, ಹೆಗಲ ಮೇಲೆ ಭರ್ಜಿಯಿಟ್ಟ ದೊರೆಯಾದರೆ ಅದು ಕಾನ್‌ಸ್ಟಂಟೈನ್ ಜಾರಿಗೆ ತಂದ 'ಸಾಲಿಡಸ್'ನ ಮುಂದಿನ ರೂಪ. ತೂಕ ಸುಮಾರು ನಾಲ್ಕೂವರೆ ಗ್ರಾಂ, ಅರ್ಧ ತೊಲಕ್ಕೂ ಕಡಿಮೆ. ಹಿಂಬದಿಯಲ್ಲಿ ಹೆಚ್ಚಾಗಿ ಶಿಲುಬೆ ಹಿಡಿದ ರೆಕ್ಕೆಯ ವಿಜಯದೇವತೆ. ಅವಳ ಕಾಲಡಿ 'ಕಾನೊಬ್' ಎಂಬ ಐದಕ್ಷರ. ಕಾನ್‌ಸ್ಟಾಂಟಿನೋಪಲ್‌ನ ಪುಟವಿಟ್ಟ ಬಂಗಾರ ಎಂಬುದರ ಗುರುತು ಅದು.

ಕರ್ನಾಟಕದಲ್ಲಿ ಮೊದಲ ಶತಮಾನದ ರೋಮನ್ ಹಣ ಸಿಕ್ಕಿರುವುದು ಹೆಚ್ಚಾಗಿ ಬೆಳ್ಳಿಯಲ್ಲಿ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ದೊರೆತ 163 ನಾಣ್ಯಗಳೂ ಬೆಳ್ಳಿಯವೇ. ಹಾಗಾಗಿ ಅಕ್ಕಿಆಲೂರಿನ ಬಂಗಾರಕ್ಕೆ ಬೇರೆಯೇ ಬೆಲೆ.

ಎಲ್ಲಕ್ಕಿಂತ ಸ್ವಾರಸ್ಯದ್ದು ನಾಣ್ಯ ಇಲ್ಲಿಗೆ ಬಂದ ಮೇಲೆ ಬಿದ್ದ ಗುರುತು. ದಕ್ಷಿಣ ಭಾರತದಲ್ಲಿ ಸಿಕ್ಕ ಸಾಲಿಡಸ್‌ಗಳಲ್ಲಿ ಅನೇಕಕ್ಕೆ ದೊರೆಯ ತಲೆಯ ಮೇಲೆ ಒತ್ತೊತ್ತಿಗೆ ಎರಡು ತೂತುಗಳಿವೆ. ದಾರ ಪೋಣಿಸಿದರೆ ಮುಖ ನೆಟ್ಟಗೆ ನಿಲ್ಲಬೇಕಲ್ಲ! ವೆನಿಸ್ಸಿನ ನಾಣ್ಯಗಳನ್ನು ಪುತಳಿ ಸರ ಮಾಡಿಕೊಂಡ ನಮ್ಮವರಿಗೆ ಇದೇನೂ ಹೊಸದಲ್ಲ. ಇನ್ನು ಕೆಲವು ನಾಣ್ಯಗಳಲ್ಲಿ ಅಕ್ಷರಗಳು ಅರ್ಥವಿಲ್ಲದ ಗೆರೆಗಳಾಗಿವೆ: ಲ್ಯಾಟಿನ್ ಓದಲು ಬಾರದ ಕುಶಲಕರ್ಮಿ ನೋಡಿ ತೆಗೆದ ನಕಲು. ಅದನ್ನು 'ಖೊಟ್ಟಿ' ಎಂದು ತಳ್ಳಿಹಾಕುವವರುಂಟು. ನನ್ನ ಮಟ್ಟಿಗೆ ಅಸಲಿಗಿಂತ ಅದೇ ಹೆಚ್ಚಿನದು. ರೋಮಿನ ಅಸಲಿ ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿದೆ.

ತೂತು, ಗೀರು, ತಪ್ಪಕ್ಷರ ಇವೆಲ್ಲ ಪತ್ತಾರನ ಮೂಸೆಯಲ್ಲಿ ಕ್ಷಣದಲ್ಲಿ ಅಳಿಯುತ್ತವೆ. ಹುಣಸೆಹುಳಿ ಹಚ್ಚಿ ತಿಕ್ಕಿದರೂ ಮಣ್ಣಿನ ಗುರುತು ಹೋದಂತೆ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನಿದೆ. ನಾಣ್ಯವನ್ನು ತೊಳೆಯದೆ, ಜೊತೆಗೆ ಸಿಕ್ಕ ಗಡಿಗೆಯ ಚೂರನ್ನೂ ಎಸೆಯದೆ, ಹೊಲದ ಯಾವ ಬದುವಿನ ಬಳಿ ಸಿಕ್ಕಿತೆಂದು ಬರೆದಿಟ್ಟು ಒಪ್ಪಿಸಿದರೆ ಉಳಿದದ್ದನ್ನು ಓದಲು ಬಲ್ಲವರಿದ್ದಾರೆ.