ತರೀಕೆರೆಯ ಎರಡು ಹಳಿ, ಕನ್ನಡದ ಹಲವು ಫಾಂಟು

ತರೀಕೆರೆಯಲ್ಲಿ ಒಂದು ಕಾಲಕ್ಕೆ ಎರಡು ಅಳತೆಯ ರೈಲು ಹಳಿಗಳಿದ್ದವು. ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುತ್ತಿದ್ದದ್ದು ಮೀಟರ್ ಗೇಜ್. ನರಸಿಂಹರಾಜಪುರದ ಕಡೆಯ ಪುಟ್ಟ ರೈಲಿನ ಹಳಿ ಎರಡೇ ಅಡಿ ಅಗಲ. ಮಲೆನಾಡಿನಿಂದ ಸರಕು ಹೊತ್ತು ಬಂದ ಪುಟ್ಟ ವ್ಯಾಗನ್ ದೊಡ್ಡ ಹಳಿ ಹತ್ತುವಂತಿರಲಿಲ್ಲ. ಸರಕು ಇಳಿಸಬೇಕು, ಮತ್ತೆ ಹೇರಬೇಕು. ವ್ಯಾಗನ್ ಎಷ್ಟೇ ಗಟ್ಟಿಯಿದ್ದರೂ ಅಳತೆ ಕೂಡದಿದ್ದರೆ ಅಲ್ಲಿಗೇ ನಿಲ್ಲಬೇಕು.

ಕಂಪ್ಯೂಟರಿನಲ್ಲಿ ಕನ್ನಡ ಬೆಳೆದು ಬಂದ ಕತೆಯೂ ಹೆಚ್ಚುಕಡಿಮೆ ಹೀಗೇ ಇದೆ. ಕಡೂರು, ತರೀಕೆರೆ, ಅಜ್ಜಂಪುರದಿಂದ ಡಿಪ್ಲೊಮಾ, ಬಿಸಿಎ ಎಂದು ಹೊರಟಿರುವ ಮಕ್ಕಳಿಗೆ ಈ ಕತೆ ಗೊತ್ತಿರಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇವೆ.

ತಂತ್ರಾಂಶವನ್ನು ಪ್ರತಿ ಸಲ ಮೊದಲಿನಿಂದ ಬರೆಯುವ ಬದಲು, ಸಿದ್ಧ ಬಿಡಿಭಾಗಗಳನ್ನು ಜೋಡಿಸಿ ಕಟ್ಟಬಾರದೇಕೆ? 1968ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನೇಟೋ ಸಮ್ಮೇಳನದಲ್ಲಿ ಡಗ್ ಮೆಕಿಲ್‌ರಾಯ್ ಈ ಮಾತು ಎತ್ತಿದರು. ಟ್ರ್ಯಾಕ್ಟರ್ ರಿಪೇರಿಯವನು ಬೇರಿಂಗನ್ನು ತಾನೇ ಎರಕ ಹೊಯ್ಯುವುದಿಲ್ಲ, ನಂಬರ್ ಹೇಳಿ ಅಂಗಡಿಯಿಂದ ತರುತ್ತಾನೆ. ತಂತ್ರಾಂಶಕ್ಕೂ ಅಂಥ ಅಂಗಡಿ ಬೇಕು ಎಂಬುದು ಅವರ ವಾದದ ತಿರುಳು. ಇಂಥ ಬಿಡಿಭಾಗಕ್ಕೆ ಕಾಂಪೊನೆಂಟ್ ಎನ್ನುತ್ತಾರೆ.

ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಇದು ಜನಸಾಮಾನ್ಯರ ಕೈಗೆ ಬಂದದ್ದು 1991ರಲ್ಲಿ ಬಂದ ವಿಷುಯಲ್ ಬೇಸಿಕ್‌ನಿಂದ. ಗುಂಡಿ, ಪಟ್ಟಿ, ಕ್ಯಾಲೆಂಡರ್ ಎಲ್ಲವನ್ನೂ ಎಳೆದು ತಂದು ಪರದೆಯ ಮೇಲೆ ಇಟ್ಟರಾಯಿತು. 1997ರ ಐದನೇ ಆವೃತ್ತಿಯಲ್ಲಿ, ಅದೇ ಭಾಷೆ ಕಲಿತವರು ಇಂಥ ಭಾಗಗಳನ್ನು ತಾವೇ ಮಾಡಿ ಬೇರೆಯವರಿಗೆ ಕೊಡುವ ಅನುಕೂಲವೂ ಬಂತು.

ಇತ್ತ ಕನ್ನಡದ ಪಾಡು ಬೇರೆಯಿತ್ತು. 90ರ ದಶಕದಲ್ಲಿ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಹೀಗೆ ಹಲವು ಕನ್ನಡ ತಂತ್ರಾಂಶಗಳಿದ್ದವು. ಒಂದೊಂದಕ್ಕೂ ತನ್ನದೇ ಫಾಂಟು, ತನ್ನದೇ ಸಂಕೇತ. ಒಂದರಲ್ಲಿ ಟೈಪಿಸಿದ ಕಡತ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಂತೆ. ಹಳಿಯಂತೆ ಇಲ್ಲೂ ಇಳಿಸಿ ಮತ್ತೆ ಹೇರುವ ಕೆಲಸ, ಅಂದರೆ ಮತ್ತೆ ಟೈಪಿಸುವ ಕೆಲಸ.

ಇದನ್ನು ಸರಿಪಡಿಸಲು ಮೊದಲು ಬೇಕಾದದ್ದು ಒಪ್ಪಂದ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಮುಂದೆ ರಾಜ್ಯ ಸರ್ಕಾರದ ಶಿಷ್ಟ ಕೀಲಿಮಣೆಗೆ ಆಧಾರವಾಯಿತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ತಂದಿತು. ಅದಕ್ಕೂ ಮೊದಲು, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು ಹೊರತಂದಿದ್ದರು. ಮುಂದೆ ಇವೆರಡೂ ಒಂದೇ ಅಕ್ಷರ ಸಂಕೇತ ಪಾಲಿಸಿದ್ದರಿಂದ ಒಂದರ ಕಡತ ಇನ್ನೊಂದರಲ್ಲಿ ಓದಲು ಬಂತು. ವರ್ಡ್ ಇರಲಿ, ಪೇಜ್‌ಮೇಕರ್ ಇರಲಿ, ಹಿನ್ನೆಲೆಯಲ್ಲಿ ನುಡಿ ಓಡುತ್ತಿದ್ದರೆ ಕನ್ನಡ ಮೂಡುತ್ತಿತ್ತು. ಪ್ರತಿ ತಂತ್ರಾಂಶದವರೂ ಕನ್ನಡ ಟೈಪಿಂಗನ್ನು ಬೇರೆ ಬೇರೆ ಬರೆಯಬೇಕಾಗಲಿಲ್ಲ. ಒಂದು ಸಲ ಮಾಡಿದ ಕೆಲಸ ಎಲ್ಲರಿಗೂ ಒದಗಿತು.

ಆದರೆ ಆ ಒಪ್ಪಂದ ಫಾಂಟಿಗೆ ಅಂಟಿಕೊಂಡಿತ್ತು. ಸಂಕೇತಗಳು ಅಕ್ಷರವನ್ನಲ್ಲ, ಅಕ್ಷರದ ತುಂಡು ಆಕಾರಗಳನ್ನು ಹಿಡಿದಿಡುತ್ತಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ಕಡತ ಕುರುಡು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗವಿತ್ತು. ಆದರೆ ‘ಕ’, ‘್’, ‘ಷ’ ಸೇರಿ ‘ಕ್ಷ’ ಆಗುವ ಜೋಡಣೆಯನ್ನು ಯಾರಾದರೂ ಮಾಡಬೇಕಲ್ಲ? 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಆ ಕೆಲಸ ಯುನಿಸ್ಕ್ರೈಬ್ ಎಂಬ ಹಂಚಿಕೆಯ ಭಾಗಕ್ಕೆ ಬಂತು. ಜೊತೆಗೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ. ಇಂದು ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್‌ಗಳಲ್ಲಿ ಇದೇ ಕೆಲಸವನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದ ಭಾಗ ಮಾಡುತ್ತದೆ. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು.

ಸರಿ, ಕಲಿಯುವವರು ಎಲ್ಲಿಂದ ಶುರು ಮಾಡಬೇಕು? ನಮ್ಮ ಸಲಹೆ: ಎಕರೆ-ಗುಂಟೆಯಿಂದ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಪಹಣಿಯಲ್ಲಿ 1 ಎಕರೆ 30 ಗುಂಟೆಯನ್ನು ನಡುವೆ ಚುಕ್ಕಿಯಿಟ್ಟು ಬರೆಯುತ್ತಾರೆ. ಅದನ್ನು ದಶಮಾಂಶವೆಂದು ತಿಳಿದ ಪ್ರೋಗ್ರಾಂ 1.30ಕ್ಕೆ 2.20 ಕೂಡಿಸಿ 3.50 ಎನ್ನುತ್ತದೆ. ಅದನ್ನೇ ಮೂರೂವರೆ ಎಕರೆ ಎಂದು ಓದಿದರೆ 3 ಎಕರೆ 20 ಗುಂಟೆ. ಸರಿಯಾದ ಉತ್ತರ 4 ಎಕರೆ 10 ಗುಂಟೆ. ರೈತನ 30 ಗುಂಟೆ ಲೆಕ್ಕದಲ್ಲೇ ಮಾಯ!

ಸಹಕಾರ ಸಂಘದ ಸಾಲದ ಲೆಕ್ಕ, ತೋಟದ ಲೆಕ್ಕ, ಮನೆಯ ಪಾಲುಪಟ್ಟಿ ಎಲ್ಲಕ್ಕೂ ಇದೇ ಕೂಡುವಿಕೆ ಬೇಕು. ಐದು ಕಡೆ ಐದು ಜನ ಬರೆದರೆ ಐದು ಬಗೆಯ ತಪ್ಪಿಗೆ ದಾರಿ. ಒಂದೇ ಪೆಟ್ಟಿಗೆ ಮಾಡಿ. ಒಳಗೆ ಎಲ್ಲವನ್ನೂ ಆಣೆಯಲ್ಲಿ ಇಟ್ಟುಕೊಳ್ಳಿ, ಒಂದು ಎಕರೆಗೆ 640 ಆಣೆ. ಹೊರಗೆ ಮೂರು ಖಾನೆ ತೋರಿಸಿ. ಗುಂಟೆಯ ಖಾನೆಯಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ತುಂಬಿದರೆ ಎಚ್ಚರಿಸಿ. ಬೆಲೆ ಬದಲಾದಾಗ ಹೊರಗಿನ ಪ್ರೋಗ್ರಾಮಿಗೆ ಸುದ್ದಿ ಮುಟ್ಟಿಸಿ. ಪೆಟ್ಟಿಗೆಗೆ ಸಾಲ ಗೊತ್ತಿರಬಾರದು, ಅಡಿಕೆ ಗೊತ್ತಿರಬಾರದು. ಅಳತೆ ಮಾತ್ರ ಗೊತ್ತಿರಬೇಕು. ಆಗಲೇ ಅದು ಬೇರೆಡೆಗೂ ಹೊಂದುತ್ತದೆ.

ಇನ್ನೊಂದು ಮಾತು. ಒಮ್ಮೆ ಬೇರೆಯವರು ಬಳಸಲು ಶುರು ಮಾಡಿದ ಮೇಲೆ ಪೆಟ್ಟಿಗೆಯ ಹೊರಮೈ ಬದಲಿಸಬೇಡಿ. ಒಳಗೆ ಏನು ಬೇಕಾದರೂ ತಿದ್ದಿ. ಮೈಕ್ರೋಸಾಫ್ಟ್‌ನ ಕಾಮ್ ಪದ್ಧತಿಯ ನಿಯಮವೂ ಇದೇ: ಹೊರಬಿಟ್ಟ ಇಂಟರ್‌ಫೇಸ್ ಮುಟ್ಟಬಾರದು, ಬದಲಾವಣೆ ಬೇಕಿದ್ದರೆ ಹೊಸ ಗುರುತಿನ ಹೊಸದನ್ನು ಕೊಡಬೇಕು. ಹಾಗಿದ್ದೂ ಒಂದು ತಂತ್ರಾಂಶ ಹಾಕಿದಾಗ ಹಂಚಿಕೆಯ ಕಡತ ಬದಲಾಗಿ ಇನ್ನೊಂದು ಕೆಡುತ್ತಿದ್ದದ್ದು ವಿಂಡೋಸಿನ ಹಳೆಯ ಗೋಳು. ಅದಕ್ಕೆ ‘ಡಿಎಲ್‌ಎಲ್ ನರಕ’ ಎಂದೇ ಹೆಸರು ಬಿದ್ದಿತ್ತು.

ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ಹೊಸ ತಾಲ್ಲೂಕಾಯಿತು. ಪಹಣಿಯ ತಲೆಬರಹದ ತಾಲ್ಲೂಕು ಬದಲಾಯಿತು, ಗುಂಟೆಯ ಲೆಕ್ಕ ಬದಲಾಗಲಿಲ್ಲ. ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂದು ಮೊದಲೇ ಬೇರ್ಪಡಿಸುವುದೇ ಈ ವಿದ್ಯೆಯ ಅರ್ಧ ಪಾಲು. ವಿಷುಯಲ್ ಬೇಸಿಕ್ 6ಕ್ಕೆ ಕಂಪನಿಯ ಬೆಂಬಲ 2008ರಲ್ಲೇ ನಿಂತಿತು. ನೀವು ಇವತ್ತು ಕಲಿಯುವ ಭಾಷೆಗೂ ಒಂದು ದಿನ ಆ ಸರದಿ ಬರುತ್ತದೆ. ಅದಕ್ಕೇ ಕೋಡಿನ ಜೊತೆ ಒಂದು ಹಾಳೆ ಕನ್ನಡದಲ್ಲಿ ಬರೆದಿಡಿ: ಈ ಪೆಟ್ಟಿಗೆ ಏನು ತೆಗೆದುಕೊಳ್ಳುತ್ತದೆ, ಏನು ಕೊಡುತ್ತದೆ, 1 ಎಕರೆ 30 ಗುಂಟೆಗೆ 2 ಎಕರೆ 20 ಗುಂಟೆ ಕೂಡಿಸಿದರೆ ಎಷ್ಟು ಬರಬೇಕು. ಮುಂದೆ ಬರುವವರು ಯಾವ ಭಾಷೆಯಲ್ಲಾದರೂ ಅದನ್ನು ಮತ್ತೆ ಕಟ್ಟಿಕೊಳ್ಳುತ್ತಾರೆ.