ಓದಿದ-ಓದದ ಗುರುತು (ಥಂಡರ್‌ಬರ್ಡ್)

ಥಂಡರ್‌ಬರ್ಡ್ ಇಮೇಲ್ ತಂತ್ರಾಂಶದಲ್ಲಿ ಓದದ ಪತ್ರದ ವಿಷಯಸಾಲು ದಪ್ಪಕ್ಷರದಲ್ಲಿರುತ್ತದೆ. ತೆರೆದೊಡನೆ ಸಾಮಾನ್ಯ ಅಕ್ಷರಕ್ಕೆ ಇಳಿಯುತ್ತದೆ. ಆದರೆ ಕಣ್ಣಾಡಿಸಿದ ಮಾತ್ರಕ್ಕೆ ನಿಜವಾಗಿ ಓದಿದಂತಾಗದು. ಉತ್ತರಿಸಬೇಕಾದ ಪತ್ರ ಹೀಗೆಯೇ ಮರೆತುಹೋಗುವುದುಂಟು. ಆದ್ದರಿಂದ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಓದಿದ ಗುರುತು ತಕ್ಷಣ ಬೀಳಬೇಕೇ, ಕೆಲವು ಸೆಕೆಂಡು ತೆರೆದಿಟ್ಟ ಮೇಲೆ ಬೀಳಬೇಕೇ ಎಂದು ಆರಿಸಿಕೊಳ್ಳಬಹುದು. ತಾನಾಗಿ ಬೀಳದಂತೆಯೂ ಮಾಡಬಹುದು. ಪತ್ರವನ್ನು ಆಯ್ದು 'ಎಂ' ಕೀಲಿ ಒತ್ತಿದರೆ ಗುರುತು ಅದಲುಬದಲಾಗುತ್ತದೆ.

ಐಮ್ಯಾಪ್ ಎಂಬ ಇಮೇಲ್ ಪದ್ಧತಿಯ ಖಾತೆಯಲ್ಲಿ ಗುರುತು ಸರ್ವರ್‌ನಲ್ಲೇ ಉಳಿಯುವುದರಿಂದ, ಫೋನಿನಲ್ಲಿ ಓದಿದ್ದು ಕಂಪ್ಯೂಟರಿನಲ್ಲೂ ಓದಿದ್ದೆಂದೇ ಕಾಣುತ್ತದೆ. ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ಈ ಪದ್ಧತಿಯ ದೊಡ್ಡ ಉಪಕಾರವಿದು. ಪಾಪ್3 ಎಂಬ ಇನ್ನೊಂದು ಪದ್ಧತಿಯ ಖಾತೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಗುರುತು ಆಯಾ ಯಂತ್ರಕ್ಕಷ್ಟೇ ಸೀಮಿತ.